ದಿನಕ್ಕೆ ಇಪ್ಪತ್ತೈದು ಓದುಗರು

21 ನವೆಂಬರ್ 2001, ಬುಧವಾರ

ಗ್ರಂಥಾಲಯ ಸಪ್ತಾಹ ನಿನ್ನೆಗೆ ಮುಗಿಯಿತು. ಬಾಗಿಲಿಗೆ ಕಟ್ಟಿದ ಮಾವಿನೆಲೆ ಇನ್ನೂ ಪೂರ್ತಿ ಒಣಗಿಲ್ಲ, ಅಷ್ಟರಲ್ಲಿ ಇವತ್ತಿನ ಟಪಾಲಿನಲ್ಲಿ ಜಿಲ್ಲಾ ಕಚೇರಿಯ ಸುತ್ತೋಲೆ ಬಂತು. ಅನುದಾನ ಸಾಲದ ಕಾರಣ ಈ ವರ್ಷ ಹೊಸ ಪುಸ್ತಕಗಳಿಲ್ಲ. ಮೂರು ಪತ್ರಿಕೆಗಳ ಬದಲು ಒಂದೇ. ದಿನಕ್ಕೆ ಸರಾಸರಿ ಇಪ್ಪತ್ತೈದು ಓದುಗರು ಬಾರದ ಪಂಚಾಯ್ತಿ ಗ್ರಂಥಾಲಯಗಳನ್ನು ಮಾರ್ಚ್ ಕೊನೆಗೆ ಹತ್ತಿರದ ಗ್ರಂಥಾಲಯದಲ್ಲಿ ವಿಲೀನ ಮಾಡಲಾಗುವುದು. ಓದುಗರ ಸಹಿ ಪುಸ್ತಕವನ್ನೇ ಆಧಾರವಾಗಿ ಪರಿಗಣಿಸಲಾಗುವುದು.

ನಾಲ್ಕು ಸಲ ಓದಿದೆ. ಆಮೇಲೆ ಸಹಿ ಪುಸ್ತಕ ತೆಗೆದು ಈ ತಿಂಗಳ ಹಾಳೆಗಳನ್ನು ತಿರುವಿದೆ. ಆರು, ಐದು, ಒಂಬತ್ತು, ನಾಲ್ಕು. ನಿನ್ನೆ ಏಳು, ಅದೂ ಪೆಪ್ಪರಮಿಂಟಿನ ಆಸೆಗೆ ಬಂದ ಮಕ್ಕಳನ್ನು ಸೇರಿಸಿ.

ಬಿ.ಎ. ಮುಗಿಸಿ ಈ ಕೆಲಸಕ್ಕೆ ಸೇರಿದಾಗ, ಪುಸ್ತಕದ ಮೇಲಿನ ಪ್ರೀತಿಗೆ ಸೇರಿದಳು ಎಂದು ಊರವರು ಅಂದುಕೊಂಡರು. ಅದು ಅರ್ಧ ನಿಜ. ಇನ್ನರ್ಧ, ಇಲ್ಲಿ ಯಾರೂ ಯಾರೊಡನೆಯೂ ಹೆಚ್ಚು ಮಾತಾಡಬೇಕಿಲ್ಲ.

ಅಮ್ಮನಿಗೆ ಹೇಳಿದೆ. ಮೊರದಲ್ಲಿ ಜೋಳ ಕೇರುತ್ತಿದ್ದವಳು ತಲೆ ಎತ್ತಲಿಲ್ಲ. 'ಹೋದ್ರ ಹೋಗ್ಲಿ ಬಿಡು. ಹಗರಿಬೊಮ್ಮನಹಳ್ಳಿಯಾಗ ನಿಮ್ಮ ಮಾವ ಗೊಬ್ಬರದ ಅಂಗಡ್ಯಾಗ ಬಿಲ್ಲು ಬರ್ಯಾಕ ಒಬ್ಬರು ಬೇಕಂತ ಎರಡ್ ಸಲ ಹೇಳಿ ಕಳಿಸ್ಯಾನ. ನಾಕು ಮಂದಿ ನಡುವೆ ಕುಂತ್ರ ನಿನಗೂ ಬಾಯಿ ಬರ್ತೈತಿ.'

ಆ ಅಂಗಡಿ ನನಗೆ ಗೊತ್ತು. ದುಡ್ಡಿನ ಗಲ್ಲಾದ ಮುಂದೆ ಸದಾ ಹತ್ತು ಜನ ಏಕಕಾಲಕ್ಕೆ ಕೂಗುತ್ತಿರುತ್ತಾರೆ. ಒಮ್ಮೆ ಅಲ್ಲಿ ಅರ್ಧ ದಿನ ಕೂತಿದ್ದೆ. ಸಂಜೆ ಮನೆಗೆ ಬಂದು ವಾಂತಿ ಮಾಡಿಕೊಂಡಿದ್ದೆ.

24 ನವೆಂಬರ್, ಶನಿವಾರ

ಐದು ಜನ. ಅವರಲ್ಲಿ ನಾಲ್ವರು ಪತ್ರಿಕೆಯನ್ನು ಹಾಳೆ ಹಾಳೆಯಾಗಿ ಹಂಚಿಕೊಂಡು ಓದಿ ಹೋದರು. ಐದನೆಯವರು ಶಿವಮ್ಮ.

ಶಿವಮ್ಮ ಐದೂವರೆಗೆ ಬರುತ್ತಾರೆ, ಶೇಂಗಾ ಬಿಡಿಸುವ ಕೂಲಿ ಮುಗಿಸಿ. ಹೊರಗಿನ ನಲ್ಲಿಯಲ್ಲಿ ಕೈ ತೊಳೆದು, ಸೆರಗಿನಿಂದ ಒರೆಸಿ, ಮೂಸಿ ನೋಡಿ, ಮತ್ತೆ ತೊಳೆದು ಒಳಗೆ ಬರುತ್ತಾರೆ. ವಯಸ್ಸು ನಲವತ್ತರ ಮೇಲಿರಬೇಕು. ಸಾಕ್ಷರತಾ ಕೇಂದ್ರ ನಡೆಯುತ್ತಿದ್ದಾಗ ಕಲಿತವರಂತೆ. ಅಲ್ಲಿ ಕೊಟ್ಟ ತೆಳ್ಳನೆಯ ಪುಸ್ತಕಗಳೆಲ್ಲ ಮುಗಿದ ಮೇಲೆ ನನ್ನ ಹತ್ತಿರ ಬಂದು, 'ದಪ್ಪಂದು ಕೊಡ್ರಿ ಅಕ್ಕಾರ, ಜಲ್ದಿ ಮುಗಿಯಬಾರ್ದು' ಎಂದಿದ್ದರು. ಕಪಾಟಿನಲ್ಲಿ ತಾವೇ ಆರಿಸಿದ ಕಾದಂಬರಿಗೆ ರಟ್ಟಿಲ್ಲ, ಮೊದಲ ಹದಿನಾರು ಪುಟಗಳೂ ಇಲ್ಲ. ಹೆಸರು ಏನೆಂದು ನನಗೂ ಗೊತ್ತಿಲ್ಲ. ಹೆಂಗಸೊಬ್ಬಳು ತಲೆಯ ಮೇಲಿನ ಕೊಡ ಇಳಿಸಿ, ಸೊಂಟಕ್ಕೆ ಕೈಯಿಟ್ಟು ನಿಲ್ಲುವಲ್ಲಿಂದ ಅದು ಶುರುವಾಗುತ್ತದೆ.

ದಿನಕ್ಕೆ ಒಂದು ಪುಟ, ಕೆಲವೊಮ್ಮೆ ಮುಕ್ಕಾಲು. ಬೆರಳಿಟ್ಟು ಜೋರಾಗಿ ಓದುತ್ತಾರೆ. ಇವತ್ತು ತಟ್ಟನೆ ನಿಲ್ಲಿಸಿ ಕೇಳಿದರು: 'ಈಕಿ ಯಾರ ಮಗಳ್ರಿ ಅಕ್ಕಾರ? ಮೊದಲಿಗೆ ಏನಾಗಿತ್ತು?'

ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು. ಸಾಹುಕಾರರ ಮಗಳು, ಗಂಡನನ್ನು ಬಿಟ್ಟು ಬಂದಿದ್ದಾಳೆ ಎಂದು ಅಲ್ಲೇ ಕಟ್ಟಿ ಹೇಳಿದೆ. ಶಿವಮ್ಮ ಬಾಯಿ ತೆರೆದು ಕೇಳಿದರು. ನನಗೆ ಒಳಗೊಳಗೇ ಖುಷಿಯಾಯಿತು.

ಹೋಗುವಾಗ ಸಹಿ. ಮೂರಕ್ಷರಕ್ಕೆ ಮೂರು ನಿಮಿಷ, ಮೂರು ಗೆರೆಯಷ್ಟು ಜಾಗ. ಪೆನ್ನು ಎಷ್ಟು ಒತ್ತುತ್ತಾರೆಂದರೆ ಕೆಳಗಿನ ಹಾಳೆಗೂ ಅಚ್ಚು ಬೀಳುತ್ತದೆ. ಬರೆದು ಮುಗಿದ ಮೇಲೆ ಸ್ವಲ್ಪ ಹಿಂದೆ ಸರಿದು ನೋಡುತ್ತಾರೆ.

ಈ ಗ್ರಂಥಾಲಯ ಹೋಗಬಹುದು ಎಂದು ಹೇಳಿದೆ. ನಂಬಲಿಲ್ಲ. ಆಮೇಲೆ ಮೆಟ್ಟಿಲಲ್ಲಿ ನಿಂತು ಹೇಳಿದರು: 'ನನ್ನ ಜೊತಿ ಕಲ್ತೋರು ಹತ್ತು ಮಂದಿ ಇದ್ರು ಅಕ್ಕಾರ. ಕೇಂದ್ರ ಮುಚ್ಚಿದ ಮ್ಯಾಲ ಎಲ್ಲಾರೂ ಮರ್ತು ಬಿಟ್ಟಾರ. ಎರ್ರೆಮ್ಮಗ ಈಗ ಬಸ್ಸಿನ ಬೋರ್ಡೂ ಬರಂಗಿಲ್ಲ. ದಿನಾ ಓದಿಲ್ಲಂದ್ರ ಅಕ್ಷರ ನಿಲ್ಲಂಗಿಲ್ರಿ.'

4 ಡಿಸೆಂಬರ್, ಮಂಗಳವಾರ

ಪಂಚಾಯ್ತಿ ಕಾರ್ಯದರ್ಶಿ ನಾಗೇಂದ್ರಪ್ಪನವರು ಗೋಡೆಯ ಆಚೆಯಿಂದಲೇ ಕರೆದರು. ಅವರ ಕೋಣೆಗೂ ನನ್ನದಕ್ಕೂ ನಡುವೆ ಒಂದೇ ಗೋಡೆ. ಸುತ್ತೋಲೆಯ ಬಗ್ಗೆ ಅವರಿಗೂ ಗೊತ್ತಾಗಿದೆ. ಗ್ರಂಥಾಲಯ ಹೋದರೆ ಆ ಕೋಣೆಯ ರಿಪೇರಿಗೆ ಬರುವ ದುಡ್ಡೂ ಹೋಗುತ್ತದೆ ಎಂಬುದು ಅವರ ಚಿಂತೆ.

'ಏನವಾ ಗಂಗಾಂಬಿಕಾ, ದಿನಕ್ಕ ಎಷ್ಟು ಮಂದಿ?'

'ಆರು ಮಂದಿರಿ.'

'ನೀ ಬಿ.ಎ. ಓದೀಯೋ, ಸನ್ಯಾಸ ತಗಂಡೀಯೋ? ನಮ್ಮ ಕೆರಿ ಹೂಳು ತೆಗೆದೋರ ಮಸ್ಟರ್ ರೋಲ್‌ನಾಗ ನೂರಾ ಹತ್ತು ಹೆಸರು ಅದಾವ. ಕೆರ್ಯಾಗ ಇಳಿದದ್ದು ಜೆಸಿಬಿ ಒಂದು, ಅದರ ಡ್ರೈವರ್ ಒಬ್ಬ.' ನಕ್ಕು ನಕ್ಕು ಕೆಮ್ಮಿದರು.

'ಅದು ಸುಳ್ಳಾಗಂಗಿಲ್ಲೇನ್ರಿ?'

'ಸುಳ್ಳು ಯಾಕಾಗ್ತೈತಿ? ಎಲ್ಲಾರೂ ನಮ್ಮೂರ ಮಂದಿನೇ. ಓದಾಕ ಬರಬಹುದಿತ್ತು, ಬಂದಿಲ್ಲ, ಅಷ್ಟೇ.' ಕಪಾಟಿನಿಂದ ಮತದಾರರ ಪಟ್ಟಿ ತೆಗೆದು ಮೇಜಿನ ಮೇಲೆ ಹಾಕಿದರು. ಜೊತೆಗೆ ಎರಡು ಪೆನ್ನು, ಒಂದು ಕಪ್ಪು, ಒಂದು ಹಸಿರು.

ಪಟ್ಟಿ ತಂದು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೇನೆ. ಅದನ್ನು ಮುಟ್ಟುವುದಿಲ್ಲ.

8 ಡಿಸೆಂಬರ್, ಶನಿವಾರ

ಎರಡನೇ ಶನಿವಾರದ ರಜೆ. ಆದರೂ ಹೋಗಿ ಬಾಗಿಲು ತೆರೆದೆ. ಒಂದು ಹೆಸರು ಬರೆದೆ, ನಿನ್ನೆಯ ದಿನಾಂಕಕ್ಕೆ. ಹುಲುಗಣ್ಣ. ದಸರೆ ಮುಗಿದ ಮೇಲೆ ಕಾಫಿ ತೋಟದ ಕೆಲಸಕ್ಕೆ ಹೋದವನು, ಊರಲ್ಲಿಲ್ಲ. ಎಡಗೈಯಲ್ಲಿ ಬರೆದೆ. ಬರೆದು ಕೈ ತೊಳೆದುಕೊಂಡೆ.

19 ಡಿಸೆಂಬರ್, ಬುಧವಾರ

ಈಗ ದಿನಕ್ಕೆ ಹದಿನೆಂಟು ಆಗಿದೆ. ಒಮ್ಮೆಲೇ ಇಪ್ಪತ್ತೈದಕ್ಕೆ ಹೋಗಬಾರದು, ಯಾರಾದರೂ ಗಮನಿಸುತ್ತಾರೆ.

ಇದು ಅಂದುಕೊಂಡಷ್ಟು ಸುಲಭವಲ್ಲ. ಒಬ್ಬೊಬ್ಬರಿಗೂ ಬೇರೆ ಅಕ್ಷರ ಬೇಕು. ಆ ಅಕ್ಷರ ನಾಳೆಯೂ ಹಾಗೇ ಇರಬೇಕು. ಮನುಷ್ಯ ಹೇಗಿದ್ದಾನೆಂದು ತಿಳಿಯದೆ ಅವನ ಅಕ್ಷರ ಬರುವುದಿಲ್ಲ. ಹುಲುಗಣ್ಣ ಅವಸರದವನು, ಕೊನೆಯಕ್ಷರ ಗೆರೆಯಾಗಿ ಹೋಗುತ್ತದೆ. ಭರಮಮ್ಮ ಹೆದರುವ ಹೆಂಗಸು, ಚೌಕಟ್ಟಿನ ಮೂಲೆಯಲ್ಲಿ ಸಣ್ಣದಾಗಿ ಬರೆಯುತ್ತಾಳೆ. ದುರುಗಣ್ಣನಿಗೆ ಹೆಸರಿನ ಕೆಳಗೆ ಎರಡು ಗೆರೆ ಎಳೆಯುವ ಚಟ. ಎಂದೂ ಇಲ್ಲಿಗೆ ಬಾರದ ಇವರನ್ನೆಲ್ಲ ನಾನು ದಾರಿಯಲ್ಲಿ ನೋಡಿದ್ದೇನೆ, ಅಷ್ಟೇ. ಮಾತಾಡಿಸಿಲ್ಲ.

ಶಿವಮ್ಮ ಬಂದರು. ಮೂವತ್ತೊಂಬತ್ತನೆಯ ಪುಟ.

8 ಜನವರಿ 2002, ಮಂಗಳವಾರ

ಯಾರು ಏನು ಒಯ್ದರೆಂದು ಬರೆಯುವ ಎರವಲು ಪುಸ್ತಕವೂ ಸಹಿ ಪುಸ್ತಕಕ್ಕೆ ಹೊಂದಬೇಕಲ್ಲ. ಅದಕ್ಕೆ ಯಾರು ಏನು ಓದುತ್ತಾರೆಂದು ಕೂತು ಯೋಚಿಸಿದೆ. ಭರಮಮ್ಮನಿಗೆ ದುಃಖದ ಕಥೆ ಆಗುವುದಿಲ್ಲ, ಅವಳಿಗೆ ನಗೆಹನಿಗಳ ಪುಸ್ತಕ ಕೊಟ್ಟೆ. ದುರುಗಣ್ಣನಿಗೆ ಪ್ರವಾಸ ಕಥನ. ಹುಲುಗಣ್ಣ ಪತ್ತೇದಾರಿಯಿಂದ ಶುರು ಮಾಡಿ ಸಾಮಾಜಿಕ ಕಾದಂಬರಿಗೆ ಬರುತ್ತಿದ್ದಾನೆ.

ಸಲಹಾ ಪುಸ್ತಕ ವರ್ಷದಿಂದ ಖಾಲಿಯಿತ್ತು. ಅದರಲ್ಲಿ ಹುಲುಗಣ್ಣನ ಕೈಯಲ್ಲಿ ಬರೆದೆ: 'ಈ ಗ್ರಂಥಾಲಯ ಇಲ್ಲದಿದ್ದರೆ ನನ್ನಂಥವರಿಗೆ ಲೋಕವೇ ಇರುತ್ತಿರಲಿಲ್ಲ.' ಓದಿ ನನಗೇ ಕಣ್ಣು ತುಂಬಿತು.

ಬೆಳಿಗ್ಗೆ ಬಂದ ಕೂಡಲೇ ಆ ದಿನದ ಸಹಿಗಳನ್ನು ಮುಗಿಸಿಬಿಡುತ್ತೇನೆ. ಆಮೇಲೆ ಮನಸ್ಸು ಹಗುರ.

ಶಿವಮ್ಮ ಸಂಜೆ ಪೆನ್ನು ಕೈಗೆತ್ತಿಕೊಂಡಾಗ ಹಾಳೆಯಲ್ಲಿ ಜಾಗ ಇರಲಿಲ್ಲ. ಕೆಳಗೆ ಅಂಚಿನಲ್ಲಿ ಬರೆಯಲು ಹೋಗಿ ಹಾಳೆ ಹರಿಯಿತು. ಮೇಲಿನ ನಾಲ್ಕು ಸಹಿ ಕೆಟ್ಟವು. ಬೆಳಿಗ್ಗೆ ಅರ್ಧ ಗಂಟೆ ಕೂತು ಮಾಡಿದ್ದು.

'ತಪ್ಪಾತ್ರಿ ಅಕ್ಕಾರ' ಎಂದರು.

'ಇರಲಿ ಬಿಡ್ರಿ. ನಾಳೆಯಿಂದ ನೀವು ಬರೆಯೋದು ಬ್ಯಾಡ. ನಾನೇ ಬರ್ಕಂತೀನಿ.'

'ನನ್ನ ಹೆಸರು ನಾ ಬರದ್ರನ ಚೊಲೋ ಇರ್ತೈತಿ' ಎಂದು ಮೆಲ್ಲಗೆ ಹೇಳಿದರು. ಆದರೆ ಪೆನ್ನು ಕೆಳಗಿಟ್ಟರು.

29 ಜನವರಿ, ಮಂಗಳವಾರ

ಇಪ್ಪತ್ತೇಳು.

ಬಿಸಿಲು ಏರುತ್ತಿದೆ. ಸಂಜೆ ಎರವಲು ಪುಸ್ತಕ ಬರೆಯುತ್ತಿದ್ದಾಗ ಶಿವಮ್ಮ ಬಂದಳು. ಅವಳ ಜೋರು ಓದು ಇತ್ತೀಚೆಗೆ ತಲೆ ನೋಯಿಸುತ್ತದೆ. ಒಂದು ಸಾಲು ಮೂರು ಸಲ. ನಡುವೆ ಕೆಮ್ಮು. ಮೆಲ್ಲಗೆ ಓದು ಎಂದೆ. ಮೆಲ್ಲಗೆ ಓದಿದರೆ ತನಗೆ ಕೇಳಿಸುವುದಿಲ್ಲ ಎಂದಳು.

ಆಮೇಲೆ ಒಂದು ಮಾತು ಅಂದಳು. 'ಅಕ್ಕಾರ, ನೀವು ಅವತ್ತು ಹೇಳಿದ್ದು ಸುಳ್ಳು ನೋಡ್ರಿ.'

ಬರೆಯುತ್ತಿದ್ದ ಪುಸ್ತಕವನ್ನು ತಟ್ಟನೆ ಮುಚ್ಚಿದೆ.

'ಈಕಿ ಸಾಹುಕಾರ್ರ ಮಗಳಲ್ಲ. ಕೊಡ ಇಳಿಸಿ ಮೊದಲು ಸೊಂಟ ಹಿಡ್ಕಂತಾಳ, ಆಮ್ಯಾಲ ಬೆವರು ಒರಸ್ಕಂತಾಳ. ಹೊಸದಾಗಿ ಹೊತ್ತಾಕಿ ಮೊದಲು ಬೆವರು ಒರಸ್ಕಂತಾಳ. ಈಕಿ ಹುಟ್ಟಿದಾಗಿಂದ ನೀರು ಹೊತ್ತಾಕಿ. ಬರದೋರಿಗೆ ಗೊತ್ತೈತಿ, ನಿಮಗ ಗೊತ್ತಿಲ್ಲ.' ಹೇಳಿ ನಕ್ಕಳು.

ಕಾದಂಬರಿಯ ಬಗ್ಗೆ ಹೇಳಿದ್ದು ಎಂದು ತಿಳಿದ ಮೇಲೂ ಎರವಲು ಪುಸ್ತಕವನ್ನು ಮತ್ತೆ ತೆರೆಯಲಿಲ್ಲ. ಮೂರು ವರ್ಷ ಕನ್ನಡ ಐಚ್ಛಿಕ ಓದಿದವಳು ನಾನು. ನಿನಗೇನು ಗೊತ್ತು ಎಂದು ಕೇಳಬೇಕೆನಿಸಿತು. ಭರಮಮ್ಮ ಆಗಿದ್ದರೆ ಹೀಗೆ ಮಾತಾಡುತ್ತಿರಲಿಲ್ಲ.

13 ಫೆಬ್ರವರಿ, ಬುಧವಾರ

ಮೂವತ್ತು.

ನಾಗೇಂದ್ರಪ್ಪನವರು ಸಹಿ ಪುಸ್ತಕ ತಿರುವಿ ಹುಬ್ಬೇರಿಸಿದರು. 'ಯವ್ವಾ, ನೀ ನಮ್ಮ ಮಸ್ಟರ್ ರೋಲ್ ಬರ್ಯಾಕ ಬರ್ಬೇಕಿತ್ತು. ನಮ್ಮ ಗುಮಾಸ್ತನ ಅಕ್ಷರ ನೂರಾ ಹತ್ತು ಮಂದಿಗೂ ಒಂದೇ.'

ಯಾರೂ ನನ್ನ ಕೆಲಸವನ್ನು ಇಷ್ಟು ಹೊಗಳಿರಲಿಲ್ಲ.

ಈಗ ಊರಲ್ಲಿ ಹುಣಸೆಹಣ್ಣು ಬಡಿಯುವ ಕೆಲಸ. ಶಿವಮ್ಮ ಎಷ್ಟು ತೊಳೆದರೂ ಕೈಗೆ ಅಂಟು. ಅವಳ ಪುಸ್ತಕದ ಅಂಚುಗಳೆಲ್ಲ ಕಂದಾಗಿವೆ. ಮನೆಗೆ ಒಯ್ಯಲೇ ಎಂದು ಕೇಳಿದಳು, ಅಲ್ಲಿ ಲೈಟು ಬಂದಿದೆಯಂತೆ. ಹಾಳಾಗುತ್ತದೆ, ಕೊಡಲಾಗುವುದಿಲ್ಲ ಎಂದೆ. ದುರುಗಣ್ಣ ಒಯ್ದ ಪುಸ್ತಕಗಳು ಎಷ್ಟು ಶುಚಿಯಾಗಿ ವಾಪಸು ಬರುತ್ತವೆ.

6 ಮಾರ್ಚ್, ಬುಧವಾರ

ನಾಳೆ ಜಿಲ್ಲಾ ಕಚೇರಿಯಿಂದ ಸಾಹೇಬರು ಬರುತ್ತಾರಂತೆ. ಎಲ್ಲ ಸರಿಯಾಗಿದೆ, ನಾಳಿನ ಹಾಳೆಯನ್ನೂ ಬರೆದಿಟ್ಟಿದ್ದೇನೆ.

7 ಮಾರ್ಚ್, ಗುರುವಾರ

ಇದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆಯಿಂದ ಕಾದೆವು. ಸಾಹೇಬರು ಬಂದದ್ದು ಸಂಜೆ ಐದೂ ಮುಕ್ಕಾಲಿಗೆ. ಶಿವಮ್ಮ ಬೆಂಚಿನ ತುದಿಯಲ್ಲಿ ಕೂತು ಓದುತ್ತಿದ್ದಳು. ಇವತ್ತು ಬರಬೇಡ ಎಂದು ನಿನ್ನೆಯೇ ಹೇಳಬೇಕಿತ್ತು, ನನಗೆ ಹೊಳೆಯಲೇ ಇಲ್ಲ.

ಸಾಹೇಬರು ಸಹಿ ಪುಸ್ತಕ ನೋಡಿದರು, ಎರವಲು ಪುಸ್ತಕ ನೋಡಿದರು. ಸಲಹಾ ಪುಸ್ತಕದಲ್ಲಿ ಹುಲುಗಣ್ಣ ಬರೆದದ್ದನ್ನು ಎರಡು ಸಲ ಓದಿ, 'ಇಂಥ ಓದುಗರಿದ್ದಾರಲ್ಲ!' ಎಂದರು. ನಾಗೇಂದ್ರಪ್ಪನವರು ಕೈಕಟ್ಟಿ ನಿಂತು, 'ಎಲ್ಲಾ ತಮ್ಮ ಆಶೀರ್ವಾದ್ರಿ' ಎಂದರು.

ಆಗ ಸಾಹೇಬರಿಗೆ ಶಿವಮ್ಮ ಕಂಡಳು. 'ನಿನ್ನ ಹೆಸರೇನಮ್ಮಾ?'

ಅವಳು ಎದ್ದು ನಿಂತಳು. 'ಶಿವಮ್ಮ ಅಂತಾರ್ರಿ.'

ಸಾಹೇಬರು ಇವತ್ತಿನ ಹಾಳೆಯ ಮೇಲೆ ಬೆರಳು ಓಡಿಸಿದರು. ಮೂವತ್ತೊಂದು ಹೆಸರು. ನಿನ್ನೆಯ ಹಾಳೆ, ಮೊನ್ನೆಯದು, ಫೆಬ್ರವರಿಯದು. 'ದಿನಾ ಬರ್ತೀಯಾ?'

'ದಿನಾ ಬರ್ತೀನ್ರಿ ಸಾಹೇಬ್ರ.'

'ಮತ್ತೆ ಒಂದು ಕಡೆಯೂ ನಿನ್ನ ಹೆಸರಿಲ್ಲವಲ್ಲ.' ನನ್ನ ಕಡೆ ತಿರುಗಿದರು. 'ಕೂತಿರೋರ ಹೆಸರು ಪುಸ್ತಕದಲ್ಲಿಲ್ಲ. ಪುಸ್ತಕದಲ್ಲಿರೋರು ಯಾರೂ ಕೂತಿಲ್ಲ. ಏನಮ್ಮಾ ಇದು?'

ನಾಗೇಂದ್ರಪ್ಪನವರು ನೆಲ ನೋಡತೊಡಗಿದರು. ಮಾವನ ಅಂಗಡಿಯ ಗಲ್ಲಾ ನನ್ನ ಕಣ್ಣೆದುರು ಬಂತು. ನಾನು ಹೇಳಿದೆ:

'ಆಕೆ ಓದೋಕೆ ಬರೋಳಲ್ಲ ಸರ್. ಕಸ ಹೊಡಿಯೋಕೆ ಬರ್ತಾಳೆ. ಸುಮ್ಮನೆ ಪುಸ್ತಕ ಹಿಡ್ಕೊಂಡು ಕೂತಿರ್ತಾಳೆ. ಓದೋಕೆ ಬರೋದಿಲ್ಲ.'

'ಹೌದೇನಮ್ಮಾ?'

ಶಿವಮ್ಮ ನನ್ನನ್ನು ನೋಡಿದಳು. ಆಮೇಲೆ ಸಾಹೇಬರಿಗೆ ಹೇಳಿದಳು: 'ಹೌದ್ರಿ. ಚಿತ್ರ ನೋಡಾಕ್ಹತ್ತಿದ್ದೆ.'

ಆ ಪುಸ್ತಕದಲ್ಲಿ ಒಂದೂ ಚಿತ್ರವಿಲ್ಲ.

ಪುಸ್ತಕವನ್ನು ಮುಚ್ಚಿ ಬೆಂಚಿನ ಮೇಲಿಟ್ಟಳು. ಬಾಗಿಲ ಹಿಂದಿನ ಕಸಬರಿಗೆ ತೆಗೆದುಕೊಂಡು ಮೂಲೆಯಿಂದ ಗುಡಿಸತೊಡಗಿದಳು. ಸಾಹೇಬರು ಕಾಲೆತ್ತಿ ದಾರಿ ಬಿಟ್ಟರು. ಅವಳು ಬೆಂಚುಗಳ ಕೆಳಗೆಲ್ಲ ಗುಡಿಸಿ, ಕಸವನ್ನು ರಟ್ಟಿನಲ್ಲಿ ಎತ್ತಿಕೊಂಡು ಹೊರಗೆ ಹೋದಳು. ಸಾಹೇಬರು ಸಹಿ ಹಾಕಿದರು. 'ತೃಪ್ತಿಕರ' ಎಂದು ಬರೆದಿದ್ದಾರೆ.

ನಾನು ಒಮ್ಮೆಯೂ ತಡವರಿಸಲಿಲ್ಲ. ಹೊಸಬರ ಮುಂದೆ ಅಷ್ಟು ಸರಾಗವಾಗಿ ಮಾತಾಡಿದ್ದು ಇದೇ ಮೊದಲು. ಮನೆಗೆ ಬಂದು ಅಮ್ಮನಿಗೆ ಹೇಳಿದರೆ, ಅವಳು ನನ್ನ ಕೆನ್ನೆ ಮುಟ್ಟಿ, 'ಅಂತೂ ಬಾಯಿ ಬಂತು ನನ್ನ ಮಗಳಿಗೆ' ಎಂದಳು.

19 ಮಾರ್ಚ್, ಮಂಗಳವಾರ

ಶಿವಮ್ಮ ಬಂದಿಲ್ಲ. ಹುಣಸೆಹಣ್ಣಿನ ಕೆಲಸ ಹೆಚ್ಚಿರಬೇಕು. ಸಂಜೆ ಗ್ರಂಥಾಲಯ ಶಾಂತವಾಗಿರುತ್ತದೆ.

29 ಮಾರ್ಚ್, ಶುಕ್ರವಾರ

ಆದೇಶ ಬಂತು. ನಮ್ಮದು ಉಳಿಯಿತು! ಪಕ್ಕದೂರಿನ ಗ್ರಂಥಾಲಯವನ್ನು ನಮ್ಮದರಲ್ಲಿ ವಿಲೀನ ಮಾಡಿದ್ದಾರೆ.

ಹೊಸ ಅನುದಾನ ಮಾತ್ರ ಇಲ್ಲ. ಇರುವ ಪುಸ್ತಕಗಳಿಂದಲೇ ಓದುಗರ ಸಂಖ್ಯೆ ಐದು ಪಟ್ಟಾಗಿರುವುದರಿಂದ ಹೆಚ್ಚಿನ ನೆರವಿನ ಅಗತ್ಯ ಕಂಡುಬರುವುದಿಲ್ಲ ಎಂದು ಬರೆದಿದ್ದಾರೆ. ನಾಗೇಂದ್ರಪ್ಪನವರು ಓದಿ, 'ಭಾಳ ಚೊಲೋ ಬರದ್ಯವಾ ನೀನು, ಅದಕ್ಕ ಹಿಂಗಾತು' ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೋಣೆಯ ರಿಪೇರಿಯೂ ಇಲ್ಲ.

5 ಏಪ್ರಿಲ್, ಶುಕ್ರವಾರ

ಪಕ್ಕದೂರಿನ ಮೇಲ್ವಿಚಾರಕ ಪ್ರವೀಣಕುಮಾರ್ ಟ್ರ್ಯಾಕ್ಟರಿನಲ್ಲಿ ಪುಸ್ತಕಗಳನ್ನು ತಂದರು, ಗೊಬ್ಬರದ ಒಂಬತ್ತು ಚೀಲ. ತಾವೇ ಒಂದೊಂದಾಗಿ ಇಳಿಸಿದರು. ಪ್ರತಿ ಪುಸ್ತಕಕ್ಕೂ ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿದ್ದಾರೆ.

'ನಿಮ್ಮೂರಾಗ ಎಷ್ಟು ಮಂದಿ ಬರ್ತಾರ್ರಿ ಮೇಡಂ?'

'ಮೂವತ್ತರ ಮೇಲೆ.'

'ನಮ್ಮಲ್ಲಿ ಹನ್ನೊಂದು. ಹನ್ನೊಂದಂದ್ರ ಹನ್ನೊಂದೇ, ಮಳಿ ಬರ್ಲಿ ಬಿಸಿಲಿರ್ಲಿ.' ಜೇಬಿನಿಂದ ಚೀಟಿ ತೆಗೆದು ಕೊಟ್ಟರು, ಹನ್ನೊಂದು ಹೆಸರು. 'ಇವ್ರಾಗ ಮೂರು ಮಂದಿ ಇಲ್ಲೀತನ ನಡಕಂಡು ಬರ್ತೀವಿ ಅಂದಾರ. ಬಂದ್ರ ಪುಸ್ತಕ ಕೊಡ್ರಿ.'

ಕೊಡುತ್ತೇನೆ ಎಂದೆ. ಅವರು ಹೋಗಲಿಲ್ಲ. ಬೆಂಚಿನ ಮೇಲೆ ಕೂತು ಬಾಗಿಲು ನೋಡುತ್ತಿದ್ದರು. ಐದಾಯಿತು, ಐದೂವರೆಯಾಯಿತು.

'ಎಲ್ಲಾರೂ ಎಷ್ಟೊತ್ತಿಗೆ ಬರ್ತಾರ್ರಿ?'

'ಬಂದು ಹೋದ್ರು.'

ಬೆಂಚಿನ ಮೇಲೆ ಬೆರಳೆಳೆದು, ಬೆರಳನ್ನು ನೋಡಿ ಪ್ಯಾಂಟಿಗೆ ಒರೆಸಿಕೊಂಡರು. 'ನಾನೂ ಬರೀಬಹುದಿತ್ರಿ' ಎಂದರು. 'ನಮ್ಮ ಪಂಚಾಯ್ತಿಯೋರೂ ಹೇಳಿದ್ರು. ಕೈ ಏಳಲಿಲ್ಲ.' ಬೆಂಚಿನಿಂದ ಏಳುತ್ತಾ, 'ನನ್ನ ತಪ್ಪೇ ಅನ್ನಸ್ತೈತಿ ಈಗ' ಎಂದರು.

ಅವರ ಮಾತಿನ ಧಾಟಿ ನನಗೆ ಹಿಡಿಸಲಿಲ್ಲ. ಉಳಿಸಿಕೊಳ್ಳುವುದಕ್ಕೂ ಶ್ರಮ ಬೇಕು. ನಾನು ನಾಲ್ಕು ತಿಂಗಳು ಒಂದು ದಿನವೂ ತಪ್ಪಿಸಿಲ್ಲ. ಅವರು ಕೊಟ್ಟ ಹೆಸರುಗಳು ಉಪಯೋಗಕ್ಕೆ ಬಂದವು, ಹನ್ನೊಂದನ್ನೂ ಸಂಜೆಯೇ ಸೇರಿಸಿಕೊಂಡೆ. ನಲವತ್ತೆರಡು ಆಯಿತು.

9 ಏಪ್ರಿಲ್, ಮಂಗಳವಾರ

ಪಕ್ಕದೂರಿನಿಂದ ಇಬ್ಬರು ಬಿಸಿಲಲ್ಲಿ ನಡೆದು ಬಂದಿದ್ದರು. ಚೀಲಗಳನ್ನು ಇನ್ನೂ ಬಿಚ್ಚಿಲ್ಲ, ಮುಂದಿನ ವಾರ ಬನ್ನಿ ಎಂದು ಕಳಿಸಿದೆ. ಬೆಳಿಗ್ಗೆಯೇ ಅವರ ಸಹಿ ಆಗಿತ್ತು. ಅವರು ಹಾಳೆ ನೋಡಿದ್ದರೆ ಸುಮ್ಮನೆ ತೊಂದರೆ.

11 ಏಪ್ರಿಲ್, ಗುರುವಾರ

ಬಸ್ ನಿಲ್ದಾಣದ ಹತ್ತಿರದ ಹುಣಸೆಹಣ್ಣಿನ ಕಣದಲ್ಲಿ ಶಿವಮ್ಮ ಕಂಡಳು. ಏಳೆಂಟು ಹೆಂಗಸರ ನಡುವೆ ಕೂತು ಬೀಜ ಬೇರ್ಪಡಿಸುತ್ತಿದ್ದಳು. ಸುಮ್ಮನೆ ದಾಟಿ ಹೋಗುವವಳಿದ್ದೆ, ಅವಳೇ ಕರೆದಳು.

'ಅಕ್ಕಾರ, ಚೆಂದದೀರೇನ್ರಿ? ಕಸ ಭಾಳ ಆಗೈತೇನು, ಬಂದು ಹೊಡಿಲೇನ್ರಿ?'

ಹೆಂಗಸರು ನಕ್ಕರು. ಶಿವಮ್ಮ ನಗಲಿಲ್ಲ.

'ಬೇಡ' ಎಂದೆ. ನಿಂತಲ್ಲೇ ನಿಂತಿದ್ದೆ, ಇನ್ನೇನಾದರೂ ಹೇಳಬೇಕೆನಿಸಿತು. ಅಷ್ಟರಲ್ಲಿ ಕೂಡ್ಲಿಗಿ ಕಡೆಯ ಬಸ್ಸು ಬಂತು. ಪಕ್ಕದವಳು, ಎರ್ರೆಮ್ಮ ಇರಬೇಕು, 'ಎಲ್ಲೀದು ನೋಡೇ ಶಿವಿ' ಎಂದಳು. ಶಿವಮ್ಮ ತಲೆ ಎತ್ತಿ ಬಸ್ಸಿನ ಬೋರ್ಡಿನ ಕಡೆ ನೋಡಿದಳು. ತುಟಿ ಅಲುಗಿತು. ಬಸ್ಸು ನಿಂತು, ಜನ ಇಳಿದು, ಹತ್ತಿ, ಹೊರಟೂ ಹೋಯಿತು. 'ಬಿಸಿಲಿಗೆ ಕಾಣವಲ್ದು' ಎಂದು ಮತ್ತೆ ಹಣ್ಣಿಗೆ ಕೈ ಹಾಕಿದಳು.

ಗ್ರಂಥಾಲಯಕ್ಕೆ ಬಂದು ಸಹಿ ಪುಸ್ತಕ ತೆಗೆದೆ. ಅವಳ ಹೆಸರನ್ನು ನಾನು ಮೊದಲೇ ಸೇರಿಸಬೇಕಿತ್ತು, ಅನ್ಯಾಯವಾಗಿ ಬಿಟ್ಟುಹೋಗಿತ್ತು. ಅವಳ ಅಕ್ಷರ ಬಲು ಕಷ್ಟ. ಎಷ್ಟು ಒತ್ತಿದರೂ ಆ ಭಾರ ಬರುವುದಿಲ್ಲ. ಏಳು ಸಲ ಬೇರೆ ಹಾಳೆಯ ಮೇಲೆ ಬರೆದು ನೋಡಿದೆ, ಎಂಟನೆಯದು ಸರಿಯಾಯಿತು. ಒಂದೇ ಗೆರೆಯಲ್ಲಿ ಕೂರುವ ಹಾಗೆ ಸ್ವಲ್ಪ ಚಿಕ್ಕದು ಮಾಡಿದ್ದೇನೆ.

ಎರವಲು ಪುಸ್ತಕದಲ್ಲೂ ಬರೆದೆ. ಹೆಸರಿಲ್ಲದ ಆ ಕಾದಂಬರಿ ಮುಗಿಯಿತು ಎಂದು ಗುರುತು ಹಾಕಿ, ಅವಳಿಗೆ ಇನ್ನೂ ದಪ್ಪನೆಯದೊಂದು ಕೊಟ್ಟೆ. ಮನೆಗೆ ಒಯ್ಯಲು ಅನುಮತಿಯನ್ನೂ ಕೊಟ್ಟಿದ್ದೇನೆ. ಇವತ್ತು ಐದೂವರೆಗೆ ಶಿವಮ್ಮ ಬಂದು ಹೋದಳು ಎಂದು ಬರೆದು, ಐದು ಗಂಟೆಗೇ ಬಾಗಿಲು ಹಾಕಿದೆ.